ಕೆರೆ ಮಣ್ಣನ್ನು ಮುಖಕ್ಕೆ ಹಚ್ಚಬಹುದಾ, ಡಬ್ಬಿಗೆ ತುಂಬಿ ಮಾರಬಹುದಾ?

ಪ್ರಶ್ನೆ: ಮೇಡಂ, ನಮ್ಮದು ಪಾಂಡವಪುರ ತಾಲೂಕಿನ ಒಂದು ಹಳ್ಳಿ. ಸಂಘದ ಐದು ಜನ ಹೆಂಗಸರು ಸೇರಿ ಎರಡು ವರ್ಷದಿಂದ ಮನೆಯಲ್ಲೇ ಕೊಬ್ಬರಿ ಎಣ್ಣೆ ಸೋಪು ಮಾಡುತ್ತಿದ್ದೇವೆ. ಮಗಳು ಆನ್‌ಲೈನ್‌ನಲ್ಲಿ ಡೆಡ್ ಸೀ ಮಣ್ಣು ಅಂತ ಒಂದು ಡಬ್ಬಿ ತರಿಸಿದಳು. ಅಂಗೈಯಗಲದ ಡಬ್ಬಿಗೆ 800 ರೂಪಾಯಿ! ಇದೇ ಬಣ್ಣದ ಮಣ್ಣು ನಮ್ಮೂರ ಕೆರೆಯಲ್ಲೇ ಇದೆಯಲ್ಲ ಅನ್ನಿಸಿತು. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಒಂದು ಮೂಟೆ ತಂದು, ಒಣಗಿಸಿ, ಕುಟ್ಟಿ, ಪಂಚೆ ಬಟ್ಟೆಯಲ್ಲಿ ಜರಡಿ ಹಿಡಿದೆವು. ಮುಟ್ಟಿದರೆ ಬೆಣ್ಣೆ. ಕ್ರಿಮಿ ಸಾಯಲಿ ಅಂತ ಬಾಣಲೆಯಲ್ಲಿ ಹುರಿದೆವು. ಲೋಳೆಸರ, ರೋಸ್ ವಾಟರ್, ಜೇನು, ನಿಂಬೆರಸ, ವಿಟಮಿನ್ ಇ ಮಾತ್ರೆ ಹಾಕಿ ಕಲಸಿ ಹನ್ನೆರಡು ಡಬ್ಬಿಗೆ ತುಂಬಿದೆವು. ಹತ್ತನೇ ದಿನ ಮುಚ್ಚಳ ತೆಗೆದರೆ ಚರಂಡಿ ವಾಸನೆ, ಮೇಲೆ ಬೂದು ಚುಕ್ಕೆ. ಅದಕ್ಕೂ ಮುಂಚೆ ಹಚ್ಚಿಕೊಂಡ ನನ್ನ ನಾದಿನಿಗೆ ಕೆನ್ನೆ ಉರಿದು, ಈಗ ಕಪ್ಪು ಕಲೆ ಉಳಿದಿದೆ. ನಮ್ಮತ್ತೆ ಹುತ್ತದ ಮಣ್ಣು ತಗೊಳ್ಳಿ ಅಂತಾರೆ. ಸಂಘದ ಇನ್ನೊಬ್ಬರು ಮೇಲುಕೋಟೆ ನಾಮದ ಮಣ್ಣು ಅಂತಾರೆ. ಯಾವುದು ಸರಿ? ಮಣ್ಣಿನ ಖನಿಜ ನಿಜವಾಗಿಯೂ ಚರ್ಮದೊಳಗೆ ಹೋಗುತ್ತಾ? ಈ ಸಲ ದಸರಾ ವಸ್ತುಪ್ರದರ್ಶನದಲ್ಲಿ ಇಟ್ಟು ಮಾರಬೇಕು ಅಂತ ಆಸೆ. ಇನ್ನೂ ಅರ್ಧ ಮೂಟೆ ಮಣ್ಣು ಉಳಿದಿದೆ, ಏನು ಮಾಡಲಿ?

ಉತ್ತರ: ಮೊದಲು ಆ ಹನ್ನೆರಡು ಡಬ್ಬಿಗಳ ವಿಷಯ. ಎಲ್ಲವನ್ನೂ ಗುಂಡಿ ತೋಡಿ ಸುರಿದುಬಿಡಿ. ವಾಸನೆ ಬಾರದ ಡಬ್ಬಿ ಒಂದೆರಡು ಇರಬಹುದು, ಅದನ್ನೂ ಇಟ್ಟುಕೊಳ್ಳಬೇಡಿ. ಮೇಲಿನ ಪದರ ಕೆರೆದು ಕೆಳಗಿನದನ್ನು ಬಳಸೋಣ ಅನ್ನಿಸುತ್ತದೆ. ಬೂಷ್ಟು ಹಿಡಿದ ಉಪ್ಪಿನಕಾಯಿಗೆ ನಮ್ಮ ಮನೆಗಳಲ್ಲಿ ಮಾಡುತ್ತೇವಲ್ಲ, ಹಾಗೆ. ಬೇಡ. ಮೇಲೆ ಚುಕ್ಕೆ ಕಾಣುವ ಹೊತ್ತಿಗೆ ಒಳಗೆಲ್ಲ ಕೆಟ್ಟಿರುತ್ತದೆ.

ನಾನು ಡಾಕ್ಟರ್ ಅಲ್ಲ, ರಸಾಯನಶಾಸ್ತ್ರ ಓದಿದವಳು. ಮೈಸೂರಿನಲ್ಲಿ ಸೋಪು, ಕ್ರೀಮು ತಯಾರಿಸುವ ಘಟಕದ ಪರೀಕ್ಷಾ ವಿಭಾಗದಲ್ಲಿ 21 ವರ್ಷ ಕೆಲಸ ಮಾಡಿ, ಈಗ ನಿಮ್ಮಂಥ ಸಂಘಗಳಿಗೆ ಹೇಳಿಕೊಡುತ್ತೇನೆ. ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇದ್ದರೂ ಅಡಿಯಲ್ಲಿರುವ ಸಂಕಟ ಒಂದೇ ಅನ್ನಿಸಿತು. ನಮ್ಮೂರಿನದೇ ಮಣ್ಣು, ಕೆಮಿಕಲ್ ಹಾಕಿಲ್ಲ, ಇಷ್ಟು ಶ್ರದ್ಧೆಯಿಂದ ಮಾಡಿದೆವು, ಆದರೂ ಯಾಕೆ ಹೀಗಾಯಿತು? ನಿಮ್ಮ ಕೈಕೆಲಸದಲ್ಲಿ ತಪ್ಪಿಲ್ಲ. ಮಣ್ಣು ಚರ್ಮಕ್ಕೆ ಏನು ಮಾಡುತ್ತದೆ ಅನ್ನುವ ಬಗ್ಗೆ ನಮಗೆಲ್ಲ ಹೇಳಿಕೊಟ್ಟಿರುವ ಕಥೆಯೇ ತಲೆಕೆಳಗು.

ಮಣ್ಣಿನಲ್ಲಿರುವ ಖನಿಜ ಚರ್ಮಕ್ಕೆ ಇಳಿದು ಪೋಷಣೆ ಕೊಡುತ್ತದೆ ಅಂತ ಡಬ್ಬಿಗಳ ಮೇಲೆ ಬರೆದಿರುತ್ತಾರೆ. ಮಣ್ಣಿನಲ್ಲಿ ಖನಿಜ ಇರುವುದು ನಿಜ. ಸಿಲಿಕಾ, ಅಲ್ಯೂಮಿನಿಯಂ, ಕಬ್ಬಿಣ, ಮೆಗ್ನೀಸಿಯಂ, ಪೊಟ್ಯಾಸಿಯಂ ಎಲ್ಲ ಇವೆ. ಆದರೆ ಬಹುಪಾಲು ಹರಳಿನೊಳಗೆ ಗಟ್ಟಿಯಾಗಿ ಕೂತಿರುತ್ತದೆ. ಚಾಮುಂಡಿ ಬೆಟ್ಟದ ಬಂಡೆಗಳಲ್ಲೂ ಬೇಕಾದಷ್ಟು ಪೊಟ್ಯಾಸಿಯಂ ಇದೆ. ಬಂಡೆಗೆ ಒರಗಿ ಕೂತರೆ ಅದು ಮೈಗೆ ಬರುತ್ತಾ? ನೀರಿನಲ್ಲಿ ಕರಗುವ ಅಷ್ಟಿಷ್ಟು ಭಾಗಕ್ಕೂ ಚರ್ಮದ ಹೊರಪದರ ಸುಲಭಕ್ಕೆ ದಾರಿ ಬಿಡುವುದಿಲ್ಲ. ಹೊರಗಿನದನ್ನು ಹೊರಗೇ ಇಡುವುದು ಅದರ ಕೆಲಸ. ಹತ್ತು ನಿಮಿಷ ಮಣ್ಣು ಮೆತ್ತಿಕೊಂಡರೆ ಮೈಗೆ ಲೆಕ್ಕಕ್ಕೆ ಸಿಗುವಷ್ಟು ಖನಿಜವೇನೂ ಸೇರುವುದಿಲ್ಲ.

ಹಾಗಾದರೆ ಹಚ್ಚಿ ತೊಳೆದ ಮೇಲೆ ಮುಖ ನುಣುಪಾಗುವುದು ಸುಳ್ಳಾ? ಅದು ನಿಜ. ಕಾರಣ ಬೇರೆ. ಮಣ್ಣು ಕೊಡುವುದಕ್ಕಿಂತ ತೆಗೆದುಕೊಳ್ಳುವುದೇ ಜಾಸ್ತಿ.

ಜೇಡಿಮಣ್ಣಿನ ಒಂದು ಕಣವನ್ನು ದೊಡ್ಡದು ಮಾಡಿ ನೋಡಿದರೆ ಪೇಪರ್ ದೋಸೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟ ಹಾಗೆ ಕಾಣುತ್ತದೆ. ಬೆಂಟೊನೈಟ್ ಜಾತಿಯ ಮಣ್ಣಿನಲ್ಲಿ ಆ ದೋಸೆಗಳ ಮಧ್ಯೆ ನೀರು ನುಗ್ಗುತ್ತದೆ, ಕಾಮಕಸ್ತೂರಿ ಬೀಜದ ಹಾಗೆ ಉಬ್ಬುತ್ತದೆ. ಅಂಥ ಮಣ್ಣಿನ ಒಂದೇ ಗ್ರಾಂನಲ್ಲಿರುವ ಎಲ್ಲ ಪದರಗಳನ್ನೂ ಬಿಡಿಸಿ ಹಾಸಿದರೆ 700 ಚದರ ಮೀಟರ್ ಆಗಬಹುದು. ನಮ್ಮ ಲೆಕ್ಕದಲ್ಲಿ ಹೇಳುವುದಾದರೆ 30×40ರ ಆರು ಸೈಟು, ಒಂದು ಚಿಟಿಕೆ ಮಣ್ಣಿನಲ್ಲಿ! ಅಷ್ಟು ಜಾಗಕ್ಕೆ ಮುಖದ ಎಣ್ಣೆ, ಬೆವರು, ಸತ್ತ ಚರ್ಮದ ಪುಡಿ ಎಲ್ಲ ಅಂಟಿಕೊಂಡು ತೊಳೆದಾಗ ಹೋಗುತ್ತವೆ. ಅದಕ್ಕೇ ಹಗುರ ಅನ್ನಿಸುವುದು. ಮುಲ್ತಾನಿ ಮಿಟ್ಟಿಗೆ ಇಂಗ್ಲಿಷರು ‘ಫುಲ್ಲರ್ಸ್ ಅರ್ತ್’ ಅಂತ ಹೆಸರಿಟ್ಟದ್ದೂ ಇದೇ ಕಾರಣಕ್ಕೆ. ಫುಲ್ಲರ್ ಅಂದರೆ ಉಣ್ಣೆಬಟ್ಟೆಯ ಜಿಡ್ಡು ತೆಗೆಯುವವರು, ಅವರು ಬಳಸುತ್ತಿದ್ದ ಮಣ್ಣು ಅದು. ‘ವಿಷ ಹೀರುತ್ತದೆ’ ಅನ್ನುವ ಮಾತನ್ನು ಮಾತ್ರ ಬಿಟ್ಟುಬಿಡಿ. ದೇಹದ ಕಸ ತೆಗೆಯಲು ಕಿಡ್ನಿ, ಲಿವರ್ ಇವೆ. ಕೆನ್ನೆಯಿಂದ ಆ ಕೆಲಸ ಆಗುವುದಿಲ್ಲ.

ತರಬೇತಿಯಲ್ಲಿ ನಾನು ಒಂದು ಪ್ರಯೋಗ ತೋರಿಸುತ್ತೇನೆ. ಗಾಜಿನ ಲೋಟದ ನೀರಿಗೆ ಮೆಥಿಲೀನ್ ಬ್ಲೂ ಅನ್ನುವ ಬಣ್ಣ ಎರಡು ಹನಿ ಬಿಡುತ್ತೇನೆ. ನೀರು ಕಡುನೀಲಿ. ಒಂದು ಚಮಚ ಬೆಂಟೊನೈಟ್ ಹಾಕಿ ಚೆನ್ನಾಗಿ ಕದಡಿ ಪಕ್ಕಕ್ಕಿಡುತ್ತೇನೆ. ಕಾಫಿ ಕುಡಿದು ಬರುವಷ್ಟರಲ್ಲಿ ಅಡಿಯಲ್ಲಿ ನೀಲಿ ಕೆಸರು, ಮೇಲೆ ತಿಳಿ ನೀರು. ಹೆಂಗಸರು ಲೋಟ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಾರೆ. ಈ ಲೋಟವನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಈಗ ಡೆಡ್ ಸೀ. ಇಸ್ರೇಲ್, ಜೋರ್ಡಾನ್ ನಡುವಿನ ಉಪ್ಪು ಸರೋವರ ಅದು. ಸಮುದ್ರ ಮಟ್ಟಕ್ಕಿಂತ ಸುಮಾರು 430 ಮೀಟರ್ ಕೆಳಗಿದೆ. ಸಾಮಾನ್ಯ ಸಮುದ್ರದ ನೀರಿನಲ್ಲಿ ಉಪ್ಪು ಶೇ 3.5ರಷ್ಟಿದ್ದರೆ ಅಲ್ಲಿ ಶೇ 34ರ ಹತ್ತಿರ. ಅದರಲ್ಲೂ ನಮ್ಮ ಅಡುಗೆ ಉಪ್ಪಿಗಿಂತ ಮೆಗ್ನೀಸಿಯಂ ಲವಣವೇ ಹೆಚ್ಚು. 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಒಣಚರ್ಮದ ತೊಂದರೆ ಇರುವವರು ಒಂದು ಕೈಯನ್ನು ಶೇ 5ರ ಡೆಡ್ ಸೀ ಉಪ್ಪುನೀರಿನಲ್ಲಿ, ಇನ್ನೊಂದನ್ನು ನಲ್ಲಿ ನೀರಿನಲ್ಲಿ 15 ನಿಮಿಷ ಅದ್ದಿಟ್ಟುಕೊಳ್ಳುತ್ತಿದ್ದರು. ಆರು ವಾರ ಹೀಗೆ ಮಾಡಿದ ಮೇಲೆ ಉಪ್ಪುನೀರಿನ ಕೈಯ ಚರ್ಮ ಸುಧಾರಿಸಿತ್ತು. ಗಮನಿಸಿ, ಅದು ಉಪ್ಪುನೀರಿನ ಪರೀಕ್ಷೆ. ಆ ಹೆಸರನ್ನೇ ಮಣ್ಣಿನ ಡಬ್ಬಿಗಳೂ ಹೊತ್ತುಕೊಂಡು ತಿರುಗುತ್ತವೆ.

ಬಣ್ಣ ಒಂದೇ ಅಂತ ಬರೆದಿದ್ದೀರಿ. ನಿಮ್ಮ ಕಣ್ಣು ಚುರುಕು. ಎರಡೂ ಕಪ್ಪಾಗಿರುವುದಕ್ಕೆ ಕಾರಣವೂ ಒಂದೇ ಇರಬಹುದು. ಗಾಳಿಯಾಡದ ಕೆಸರಿನ ಅಡಿಯಲ್ಲಿ ಕಬ್ಬಿಣ ಮತ್ತು ಗಂಧಕ ಸೇರಿ ಕಪ್ಪು ಬಣ್ಣ ಬರುತ್ತದೆ. ನಿಮ್ಮ ಮಣ್ಣು ಬಿಸಿಲಿಗೆ ಹರಡಿದ ಮೇಲೆ ಕಂದು ತಿರುಗಿರಬೇಕು, ಅಲ್ವಾ? ಗಾಳಿ ಸೋಕಿ ಆ ಸಂಯುಕ್ತ ಒಡೆಯಿತು, ಅಷ್ಟೇ. ಕಪ್ಪಗಿದ್ದರೆ ಶಕ್ತಿ ಜಾಸ್ತಿ ಅನ್ನುವುದಕ್ಕೆ ಅರ್ಥವಿಲ್ಲ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಡೆಡ್ ಸೀ ಮಣ್ಣು ಒದ್ದೆಯಾಗಿದ್ದೂ ಬೇಗ ಕೆಡುವುದಿಲ್ಲ. ಉಪ್ಪಿನಕಾಯಿ ಯಾಕೆ ಕೆಡುವುದಿಲ್ಲವೋ ಅದಕ್ಕೇ. ಅಷ್ಟು ಉಪ್ಪಿನಲ್ಲಿ ಸಾಮಾನ್ಯ ಬ್ಯಾಕ್ಟೀರಿಯಾ ಬದುಕುವುದು ಕಷ್ಟ. ನಿಮ್ಮ ಕೆರೆ ಮಣ್ಣಿನಲ್ಲಿ ಆ ಉಪ್ಪಿಲ್ಲ. ಬದಲಿಗೆ ನೀವು ಅದಕ್ಕೆ ಊಟ ಬಡಿಸಿದಿರಿ. ಲೋಳೆಸರದ ಸಕ್ಕರೆ, ನೀರು ಕಂಡು ತೆಳುವಾದ ಜೇನು, ರೋಸ್ ವಾಟರ್. ಬೂಷ್ಟಿಗೆ ಮದುವೆ ಊಟ. ಜೇನು ಗಟ್ಟಿಯಾಗಿದ್ದಾಗ ಕೆಡುವುದಿಲ್ಲ, ನೀರು ಸೇರಿದರೆ ಆ ಗುಣ ಹೋಯಿತು. ವಿಟಮಿನ್ ಇ ಎಣ್ಣೆ ಕಮಟಾಗದ ಹಾಗೆ ತಡೆಯುತ್ತದೆ, ಕ್ರಿಮಿ ತಡೆಯುವುದಿಲ್ಲ. ಇದನ್ನು ಪ್ರಿಸರ್ವೇಟಿವ್, ಅಂದರೆ ಕೆಡದ ಹಾಗೆ ಕಾಯುವ ವಸ್ತು, ಅಂತ ಹೇಳಿಕೊಡುವ ವಿಡಿಯೊಗಳನ್ನು ನೋಡಿದರೆ ನನಗೆ ಸಿಟ್ಟೇ ಬರುತ್ತದೆ.

ನಿಮ್ಮ ಮಗಳು ತರಿಸಿದ 800 ರೂಪಾಯಿ ಡಬ್ಬಿಯ ಹಿಂಭಾಗವನ್ನೂ ಒಮ್ಮೆ ಓದಿ. ಪದಾರ್ಥಗಳ ಪಟ್ಟಿಯಲ್ಲಿ ಹೆಚ್ಚಿರುವುದು ಮೊದಲು, ಕಡಿಮೆ ಇರುವುದು ಕೊನೆಗೆ ಬರುತ್ತದೆ. ಮೊದಲ ಹೆಸರು ನೀರು, ಎರಡನೆಯದು ಕಯೋಲಿನ್, ಡೆಡ್ ಸೀ ಮಣ್ಣು ಬಾಲದಲ್ಲಿದ್ದರೆ ನೀವು ಬಿಳಿ ಜೇಡಿಮಣ್ಣಿಗೆ 800 ಕೊಟ್ಟಿದ್ದೀರಿ.

ಹುರಿದಿದ್ದರೂ ಯಾಕೆ ಕೆಟ್ಟಿತು? ಮಣ್ಣಿನಲ್ಲಿ ಬೀಜಕದ ರೂಪದಲ್ಲಿ ಮಲಗಿರುವ ಬ್ಯಾಕ್ಟೀರಿಯಾಗಳಿವೆ. ಗಟ್ಟಿ ಕವಚದೊಳಗೆ ವರ್ಷಗಟ್ಟಲೆ ಕಾಯುತ್ತವೆ. ಧನುರ್ವಾಯು ತರುವ ಕ್ರಿಮಿಯೂ ಇದೇ ಗುಂಪಿನದು. ಬಿಸಿಲಿಗೆ ಇವು ಜಗ್ಗುವುದಿಲ್ಲ. ಕುದಿಯುವ ನೀರಿನಲ್ಲೂ ಎಲ್ಲವೂ ಸಾಯುತ್ತವೆ ಅನ್ನುವ ಭರವಸೆ ಇಲ್ಲ. ಲ್ಯಾಬಿನಲ್ಲಿ ಒಣ ಶಾಖದಿಂದ ಕೊಲ್ಲಬೇಕೆಂದರೆ 160 ಡಿಗ್ರಿಯಲ್ಲಿ ಎರಡು ಗಂಟೆ ಇಡುತ್ತೇವೆ, ಅದೂ ಮಣ್ಣಿನ ಒಳಭಾಗ ಅಷ್ಟು ಬಿಸಿಯಾದ ಮೇಲೆ ಗಡಿಯಾರ ಶುರು. ರವೆ ಹುರಿದ ಹಾಗೆ ಹತ್ತು ನಿಮಿಷ ಕೈಯಾಡಿಸಿದರೆ ಅಡಿಯದು ಕಾಯುತ್ತದೆ, ಮೇಲಿನದು ಬೆಚ್ಚಗಾಗುತ್ತದೆ. ಹುರಿಯುವಾಗ, ಜರಡಿ ಹಿಡಿಯುವಾಗ ಏಳುವ ಧೂಳಿನಲ್ಲಿ ಸಣ್ಣ ಸಿಲಿಕಾ ಕಣಗಳೂ ಇರುತ್ತವೆ. ದಿನವೂ ಅದನ್ನು ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಮಾಸ್ಕ್ ಹಾಕಿಕೊಂಡಿದ್ದಿರೋ ಇಲ್ಲವೋ ಬರೆದಿಲ್ಲ.

ಹೆದರಿಸಲು ಹೇಳುತ್ತಿಲ್ಲ. ಮೈಮೇಲೆ ಗಾಯವಿಲ್ಲದಿದ್ದರೆ ಕೆರೆಯ ಕೆಸರು ಮುಟ್ಟಿದ ಮಾತ್ರಕ್ಕೆ ಧನುರ್ವಾಯು ಬರುವುದಿಲ್ಲ. ಬಂದಿದ್ದರೆ ಮಂಡ್ಯದಲ್ಲಿ ನಾಟಿ ಹಾಕುವವರು ಯಾರೂ ಉಳಿಯುತ್ತಿರಲಿಲ್ಲ! ಆದರೆ ಮುಖಕ್ಕೆ ಪ್ಯಾಕ್ ಹಚ್ಚುವವರು ಯಾರು ಹೇಳಿ? ಮೊಡವೆ ಇರುವವರು, ಅದನ್ನು ಚಿವುಟಿಕೊಂಡವರು, ಹುಬ್ಬು ತೀಡಿಸಿಕೊಂಡು ಬಂದವರು. ಹಿಂದೆ ಹಸುಗೂಸಿನ ಹೊಕ್ಕುಳಿಗೆ ಸಗಣಿ, ಬೂದಿ, ಮಣ್ಣು ಹಚ್ಚಿ ಎಷ್ಟು ಕೂಸುಗಳು ಧನುರ್ವಾಯುವಿನಿಂದ ಹೋದವು ಅಂತ ನಿಮ್ಮತ್ತೆಯ ವಯಸ್ಸಿನವರಿಗೆ ಗೊತ್ತಿರುತ್ತದೆ. ಬಾಣಂತಿ ಮತ್ತು ನವಜಾತ ಶಿಶುವಿನ ಧನುರ್ವಾಯುವನ್ನು ಭಾರತ ಹತೋಟಿಗೆ ತಂದದ್ದನ್ನು ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದ್ದು 2015ರಲ್ಲಿ.

ಇನ್ನೊಂದು ಘಟನೆ. 2021ರಲ್ಲಿ ಅಮೆರಿಕದಲ್ಲಿ ನಾಲ್ಕು ಜನ ಮೆಲಿಯೊಯ್ಡೋಸಿಸ್ ಅನ್ನುವ ಸೋಂಕಿಗೆ ಸಿಕ್ಕಿದರು, ಇಬ್ಬರು ತೀರಿಕೊಂಡರು. ಮಣ್ಣು ಮತ್ತು ನೀರಿನಲ್ಲಿ ಇರುವ ಬ್ಯಾಕ್ಟೀರಿಯಾ ಅದು. ನಮ್ಮ ಕರಾವಳಿಯ ವೈದ್ಯರಿಗೆ ಈ ಕಾಯಿಲೆ ಚೆನ್ನಾಗಿ ಪರಿಚಿತ. ಅಮೆರಿಕದವರಿಗೆ ಎಲ್ಲಿಂದ ಬಂತು ಅಂತ ಹುಡುಕಿದರೆ ಸಿಕ್ಕಿದ್ದು ಭಾರತದಲ್ಲಿ ತಯಾರಾಗಿದ್ದ ಸುವಾಸನೆಯ ಸ್ಪ್ರೇ. ಒಂದು ಸಣ್ಣ ಬಾಟಲಿ. ಮನೆ ಉಪಯೋಗಕ್ಕೆ ಮಾಡುವುದಕ್ಕೂ ಹತ್ತು ಜನಕ್ಕೆ ಮಾರುವುದಕ್ಕೂ ಇರುವ ದೂರ ಇದು.

ಈಗ ಖನಿಜದ ಇನ್ನೊಂದು ಮುಖ. ‘ಖನಿಜ ಸಮೃದ್ಧ’ ಅಂದ ಕೂಡಲೇ ಒಳ್ಳೆಯ ಖನಿಜವೇ ಸಮೃದ್ಧ ಅಂದುಕೊಳ್ಳುತ್ತೇವೆ. ಸೀಸವೂ ಖನಿಜವೇ, ಆರ್ಸೆನಿಕ್ ಕೂಡ. ಮುಖಕ್ಕೆ ಹಚ್ಚುವ ಪುಡಿಯಲ್ಲಿ ಸೀಸ 20 ಪಿಪಿಎಂ, ಆರ್ಸೆನಿಕ್ 2 ಪಿಪಿಎಂ ದಾಟಬಾರದು ಅಂತ ಭಾರತೀಯ ಮಾನಕ ಬ್ಯೂರೊ (ಬಿಐಎಸ್) ಮಾನದಂಡ ಹೇಳುತ್ತದೆ. ಅಂದರೆ ಒಂದು ಕಿಲೋ ಪುಡಿಯಲ್ಲಿ 20 ಮಿಲಿಗ್ರಾಂ, 2 ಮಿಲಿಗ್ರಾಂ. ಯಾರೂ ಏನೂ ಬೆರೆಸದ ಸಾಮಾನ್ಯ ಹೊಲದ ಮಣ್ಣಿನಲ್ಲೇ 5 ಪಿಪಿಎಂ ಆರ್ಸೆನಿಕ್ ಇದ್ದರೆ ಅದೇನೂ ವಿಚಿತ್ರವಲ್ಲ. ಆ ಮಣ್ಣಿನಲ್ಲಿ ಬೆಳೆ ಬೆಳೆಯಬಹುದು, ಮುಖಕ್ಕೆ ಹಚ್ಚುವ ಸರಕಾಗಿ ಮಾರುವ ಹಾಗಿಲ್ಲ. ನಮ್ಮ ನೆಲದ ಗುಣವೂ ಒಂದೇ ಥರ ಇಲ್ಲ. ಮೈಸೂರಿನ ಪಕ್ಕ ಸಿಂಧುವಳ್ಳಿ ಕಡೆ ಕ್ರೋಮೈಟ್, ದೊಡ್ಡಕಾನ್ಯ ಕಡೆ ಮ್ಯಾಗ್ನಸೈಟ್ ಅನ್ನುವ ಅದಿರು ತೆಗೆದ ನೆಲ ಇದೆ. ಅಂಥ ಬಂಡೆ ಕರಗಿ ಆದ ಮಣ್ಣಿನಲ್ಲಿ ಕ್ರೋಮಿಯಂ, ನಿಕಲ್ ಸಹಜವಾಗಿಯೇ ಹೆಚ್ಚು. ರೋಲ್ಡ್‌ಗೋಲ್ಡ್ ಓಲೆ ಹಾಕಿದರೆ ಕಿವಿ ಕೆರೆಯುವವರು ಇರುತ್ತಾರಲ್ಲ, ಅವರಿಗೆ ಸಾಮಾನ್ಯವಾಗಿ ನಿಕಲ್ ಅಲರ್ಜಿ. ನಾಲೆ ನೀರು ನಿಂತು ಚೌಳಾದ ಗದ್ದೆಯ ಮಣ್ಣು ಬಟ್ಟೆ ಒಗೆಯಲು ಆಗಬಹುದು, ಚರ್ಮಕ್ಕೆ ಅದರ ಕ್ಷಾರ ತಡೆಯದು. ಇನ್ನು ಕೆರೆ ಅಂದರೆ ಸುತ್ತಲ ಎಲ್ಲದರ ತಳ. ಕಬ್ಬಿನ ಗದ್ದೆಯ ಗೊಬ್ಬರ, ಔಷಧಿ, ಊರ ಮೋರಿ, ದನ ತೊಳೆದ ನೀರು ಎಲ್ಲ ಬಂದು ಸೇರುವುದು ಅಲ್ಲೇ. ಸೇರಿದ್ದು ಎಲ್ಲಿ ಕೂರುತ್ತದೆ? ಆ ನೀಲಿ ಲೋಟ ನೆನಪಿಸಿಕೊಳ್ಳಿ. ಮಣ್ಣಿನಲ್ಲಿ.

ಹುತ್ತದ ಮಣ್ಣಿಗೆ ಬರೋಣ. ನಿಮ್ಮತ್ತೆಯ ಮಾತನ್ನು ತಳ್ಳಿಹಾಕುವುದಿಲ್ಲ. ಗೆದ್ದಲು ನುಣ್ಣನೆಯ ಮಣ್ಣನ್ನೇ ಆರಿಸಿ, ಎಂಜಲಲ್ಲಿ ಕಲಸಿ ಕಟ್ಟುವುದರಿಂದ ಅದು ಸುತ್ತಲ ಮಣ್ಣಿಗಿಂತ ಜೇಡಿಯಾಗಿರುತ್ತದೆ. ಕುಕ್ಕೆಯ ಮೃತ್ತಿಕೆ ಪ್ರಸಾದ ನಮ್ಮ ಮನೆಯ ದೇವರ ಗೂಡಿನಲ್ಲೂ ಇದೆ. ಆದರೆ ಭಕ್ತಿಯಿಂದ ಒಂದು ಬೊಟ್ಟು ಇಡುವುದು ಬೇರೆ, ಮುಖ ತುಂಬ ಮೆತ್ತುವುದು ಬೇರೆ. ಗೆದ್ದಲು ಸೀಸವನ್ನು ಸೋಸಿ ತೆಗೆಯುವುದಿಲ್ಲ. ಹುತ್ತಕ್ಕೆ ಕೈ ಹಾಕುವ ಅಪಾಯವನ್ನು ಹಳ್ಳಿಯವರಿಗೆ ನಾನು ಹೇಳಬೇಕಿಲ್ಲ.

ಮೇಲುಕೋಟೆ ಮಣ್ಣಿನದು ಸ್ವಾರಸ್ಯ. ರಾಮಾನುಜಾಚಾರ್ಯರಿಗೆ ಅಲ್ಲೇ ಸಿಕ್ಕಿತು ಅನ್ನುವ ಪ್ರತೀತಿ ಇರುವ ಬಿಳಿ ಮಣ್ಣು ಅದು. ಹಿಂದೆ ಕಾಶಿಯವರೆಗೂ ಹೋಗುತ್ತಿತ್ತು ಅಂತ ಹಳೆಯ ಮೈಸೂರು ಗೆಜೆಟಿಯರ್‌ನಲ್ಲೇ ಇದೆ. ನುಣುಪಿಗೆ ಅದಕ್ಕೆ ಸಾಟಿಯಿಲ್ಲ. ಆದರೆ ಇವತ್ತು ಅಂಗಡಿಯಲ್ಲಿ ಸಿಗುವ ನಾಮದ ಉಂಡೆಯಲ್ಲಿ ಏನೇನು ಬೆರೆತಿದೆ ಅಂತ ನೋಡಿ ಹೇಳಲಾಗದು. ಒಂದು ಚೂರಿನ ಮೇಲೆ ನಿಂಬೆರಸ ಬಿಡಿ. ಬುರುಬುರು ನೊರೆ ಬಂದರೆ ಅದರಲ್ಲಿ ಸುಣ್ಣಕಲ್ಲಿನ ಪುಡಿ ಇದೆ ಅಂತ ಲೆಕ್ಕ. ಬಾರದಿದ್ದರೆ ಶುದ್ಧ ಅಂತೇನೂ ಅಲ್ಲ, ಸುಣ್ಣ ಇಲ್ಲ ಅಂತ ಮಾತ್ರ. ಹಣೆಯ ಮೇಲೆ ಇರಲಿ, ಪ್ಯಾಕ್‌ಗೆ ಬೇಡ.

‘ಪ್ರಕೃತಿ ಚಿಕಿತ್ಸೆಯಲ್ಲಿ ಮಣ್ಣು ಹಚ್ಚುತ್ತಾರಲ್ಲ’ ಅಂತ ಕೇಳಬಹುದು. ಹೌದು, ಮೈಸೂರಿನಲ್ಲೇ ಅದರ ಸರ್ಕಾರಿ ಕಾಲೇಜು ಇದೆ. ಅವರು ಮೇಲ್ಮಣ್ಣು ಬಿಟ್ಟು ಆಳದಿಂದ, ಗೊಬ್ಬರ ಬೀಳದ ಜಾಗದಿಂದ ತೆಗೆಯುತ್ತಾರೆ, ಆಗಲೇ ಕಲಸುತ್ತಾರೆ, ಬಳಸಿ ಬಿಸಾಡುತ್ತಾರೆ. ಹತ್ತು ದಿನ ಡಬ್ಬಿಯಲ್ಲಿ ಇಡುವುದಿಲ್ಲ.

ನಾದಿನಿಯ ಕೆನ್ನೆ. ಇಲ್ಲಿ ಮಣ್ಣಿಗಿಂತ ನಿಂಬೆಯ ಮೇಲೆ ನನ್ನ ಅನುಮಾನ ಜಾಸ್ತಿ. ಹುಳಿ ಅಳೆಯುವ ಪಿಎಚ್ ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ. ಚರ್ಮದ ಪಿಎಚ್ ಸುಮಾರು 5, ನಿಂಬೆರಸದ್ದು 2ರ ಆಸುಪಾಸು. ಮೇಲಾಗಿ ನಿಂಬೆ ಜಾತಿಯ ರಸ, ಸಿಪ್ಪೆಯ ಎಣ್ಣೆ ತಗುಲಿದ ಚರ್ಮಕ್ಕೆ ಬಿಸಿಲು ಬಿದ್ದರೆ ಸುಟ್ಟ ಹಾಗೆ ಆಗಿ ಕಪ್ಪು ಕಲೆ ಕೂರುವುದುಂಟು. ಜೊತೆಗೆ ಪ್ಯಾಕ್ ಪೂರ್ತಿ ಒಣಗಿ ಬಿರಿಯುವವರೆಗೆ ಕಾದಿರುತ್ತಾರೆ. ಮಣ್ಣು ಒಣಗುತ್ತಾ ಕುಗ್ಗುತ್ತದೆ, ಮುಖದ ತೇವವನ್ನೂ ಎಳೆದುಕೊಳ್ಳುತ್ತದೆ. ಬೇಸಿಗೆಯಲ್ಲಿ ಕೆರೆಯಂಗಳ ಬಿರುಕು ಬಿಡುವುದನ್ನು ನೋಡಿದ್ದೀರಲ್ಲ? ನಗಲು ಆಗದಷ್ಟು ಬಿಗಿದರೆ ಕೆಲಸ ಮಾಡುತ್ತಿದೆ ಅಂದುಕೊಳ್ಳುತ್ತೇವೆ. ಅದು ಚರ್ಮ ಒಣಗುತ್ತಿರುವ ಸೂಚನೆ. ನಮ್ಮಂಥ ಕಂದು ಚರ್ಮದಲ್ಲಿ ಉರಿ ಆರಿದ ಮೇಲೂ ಕಲೆ ತಿಂಗಳುಗಟ್ಟಲೆ ನಿಲ್ಲುತ್ತದೆ. ಅವರು ಈಗ ಕೆನ್ನೆ ಉಜ್ಜಬಾರದು. ಕಡಲೆಹಿಟ್ಟು, ಅರಿಶಿನ, ಇನ್ನೊಂದು ಮಣ್ಣು, ಯಾವುದೂ ಬೇಡ. ವಾಸನೆಯಿಲ್ಲದ ಸಾದಾ ಮಾಯಿಶ್ಚರೈಸರ್, ಹೊರಗೆ ಹೋಗುವಾಗ ಸನ್‌ಸ್ಕ್ರೀನ್ ಸಾಕು. ಮೆಡಿಕಲ್ ಶಾಪಿನಲ್ಲಿ ಕೇಳಿ ಕಲೆಯ ಕ್ರೀಮ್ ತರಬೇಡಿ. ಹಾಗೆ ಕೊಡುವ ಎಷ್ಟೋ ಟ್ಯೂಬಿನಲ್ಲಿ ಸ್ಟೀರಾಯ್ಡ್ ಇರುತ್ತದೆ. ಮೊದಲ ವಾರ ಬೆಳ್ಳಗೆ ಮಾಡಿ ಆಮೇಲೆ ಚರ್ಮ ತೆಳುವಾಗಿಸುತ್ತದೆ. ನೀರು ಒಸರುತ್ತಿದ್ದರೆ, ಕೀವು ಇದ್ದರೆ, ಅಥವಾ ಒಂದೆರಡು ತಿಂಗಳಾದರೂ ಕಲೆ ತಿಳಿಯಾಗದಿದ್ದರೆ ಮಂಡ್ಯದ ಮಿಮ್ಸ್ ಅಥವಾ ಮೈಸೂರಿನ ಕೆ.ಆರ್. ಆಸ್ಪತ್ರೆಯ ಚರ್ಮ ವಿಭಾಗಕ್ಕೆ ತೋರಿಸಿ. ನೀವು ಬಳಸಿದ ಪದಾರ್ಥಗಳ ಚೀಟಿ ಜೊತೆಗೆ ಒಯ್ಯಿರಿ.

ಹಾಗಾದರೆ ಮುಂದೆ ಏನು ಮಾಡಬಹುದು?

ನನ್ನ ಮೊದಲ ಆಯ್ಕೆ ಒಣ ಪುಡಿ. ನೀರಿಲ್ಲದ ಕಡೆ ಬೂಷ್ಟು ಬೆಳೆಯುವುದಿಲ್ಲ, ಪ್ರಿಸರ್ವೇಟಿವ್ ತಲೆನೋವಿಲ್ಲ. ಕಾಸ್ಮೆಟಿಕ್ ದರ್ಜೆಯ ಕಯೋಲಿನ್ ಮತ್ತು ಮುಲ್ತಾನಿ ಮಿಟ್ಟಿ ತರಿಸಿ. ಕೊಡುವವರಿಂದ ಆ ಬ್ಯಾಚಿನ ಪರೀಕ್ಷಾ ವರದಿ ಕೇಳಿ. ಸೀಸ, ಆರ್ಸೆನಿಕ್, ಪಾದರಸ, ಬ್ಯಾಕ್ಟೀರಿಯಾ ಎಣಿಕೆ ಅದರಲ್ಲಿರಬೇಕು. ಕೊಡುವುದಿಲ್ಲ ಅಂದರೆ ಬೇರೆಯವರನ್ನು ನೋಡಿ. ಎಣ್ಣೆ ಚರ್ಮಕ್ಕೆ ಎರಡು ಪಾಲು ಮುಲ್ತಾನಿ, ಒಂದು ಪಾಲು ಕಯೋಲಿನ್. ಒಣ ಚರ್ಮಕ್ಕೆ ಕಯೋಲಿನ್ ಮಾತ್ರ, ಅದು ಎಣ್ಣೆಯನ್ನು ಅಷ್ಟು ಎಳೆಯುವುದಿಲ್ಲ. ತೇವ ಹೋಗದ ಪೌಚಿನಲ್ಲಿ ಒಂದು ಸಲಕ್ಕೆ ಆಗುವಷ್ಟೇ ತುಂಬಿ. ಮನೆಯಲ್ಲಿ ಕಾಯಿಸಿ ಆರಿಸಿದ ನೀರಿನಲ್ಲಿ ಕಲಸಿ, ದೋಸೆ ಹಿಟ್ಟಿನ ಹದಕ್ಕೆ ತಂದು ಹಚ್ಚಿ, ಎಂಟು-ಹತ್ತು ನಿಮಿಷ, ಅಂಚು ಬೆಳ್ಳಗಾಗುವಾಗಲೇ ತೊಳೆಯಬೇಕು ಅಂತ ಪೌಚಿನ ಮೇಲೆ ಬರೆಯಿರಿ. ವಾರಕ್ಕೆ ಒಂದು ಸಲ ಸಾಕು. ಮೊದಲು ಕಿವಿಯ ಹಿಂದೆ ಹಚ್ಚಿ ಒಂದು ದಿನ ನೋಡಲಿ. ಹಾಂ, ಸ್ಟೀಲ್ ಚಮಚ ತಾಗಿದರೆ ಮಣ್ಣಿನ ಶಕ್ತಿ ಹೋಗುತ್ತದೆ ಅಂತಾರಲ್ಲ, ಅದು ಕಟ್ಟುಕಥೆ.

ಎರಡನೆಯದು ನಿಮಗೆ ಈಗಾಗಲೇ ಗೊತ್ತಿರುವ ಸೋಪು. ಎಣ್ಣೆಯ ತೂಕದ ಶೇ 1ರಿಂದ 2ರಷ್ಟು ಜೇಡಿಮಣ್ಣು ಸೇರಿಸಿದರೆ ಬಣ್ಣ ಚೆನ್ನ, ಜಾರುವ ಗುಣ ಚೆನ್ನ. ತೀರಾ ಹೆಚ್ಚಾದರೆ ಸೋಪು ಒಡೆಯಬಹುದು, ನೊರೆ ಕಡಿಮೆಯಾಗಬಹುದು. ಸೋಪಿನ ಮಣ್ಣು ಚರ್ಮದ ಮೇಲೆ ಅರ್ಧ ನಿಮಿಷ ಇರುತ್ತದೆ, ಅದರಿಂದ ಮಹಾ ಉಪಯೋಗವನ್ನೂ ಹೇಳಿಕೊಳ್ಳಬೇಡಿ. ಕಾಸ್ಟಿಕ್ ಸೋಡದ ಬಗ್ಗೆ ನಿಮಗೆ ಗೊತ್ತಿದ್ದರೂ ಹೇಳುತ್ತೇನೆ: ನೀರಿಗೆ ಸೋಡ ಹಾಕಬೇಕು, ಸೋಡಕ್ಕೆ ನೀರು ಹಾಕಬಾರದು. ಕನ್ನಡಕ, ಗ್ಲೌಸ್ ಬೇಕು. ಅಲ್ಯೂಮಿನಿಯಂ ಪಾತ್ರೆ ಬೇಡವೇ ಬೇಡ.

ಮೂರನೆಯದು ಡಬ್ಬಿಯ ಒದ್ದೆ ಪ್ಯಾಕ್. ಇದನ್ನು ಮನೆಯಲ್ಲಿ ಮಾಡಿ ಮಾರಬೇಡಿ. ಪ್ರಿಸರ್ವೇಟಿವ್ ಹಾಕಿದರೆ ಆಯಿತಲ್ಲ ಅನ್ನಬಹುದು. ಮತ್ತೆ ಆ ನೀಲಿ ಲೋಟ! ಮಣ್ಣು ಬಣ್ಣವನ್ನು ಹಿಡಿದ ಹಾಗೆ ಕೆಲವು ಪ್ರಿಸರ್ವೇಟಿವ್‌ಗಳನ್ನೂ ಹಿಡಿದು ಕೂರುತ್ತದೆ. ಕ್ರೀಮಿನಲ್ಲಿ ಸಾಕಾಗುವ ಪ್ರಮಾಣ ಮಣ್ಣಿನಲ್ಲಿ ಸಾಕಾಗುವುದಿಲ್ಲ. ಸೋಡಿಯಂ ಬೆಂಜೋಯೇಟ್ ಥರದ್ದು ಹುಳಿ ಇದ್ದ ಕಡೆ ಮಾತ್ರ ಕೆಲಸ ಮಾಡುತ್ತದೆ, ಬೆಂಟೊನೈಟ್ ಕ್ಷಾರದ ಕಡೆಗಿರುತ್ತದೆ. ಬೇಕೆಂದೇ ಕ್ರಿಮಿ ಬಿಟ್ಟು 28 ದಿನ ನೋಡುವ ಪರೀಕ್ಷೆ ಮಾಡಿಸದೆ ಯಾವ ಘಟಕವೂ ಇದನ್ನು ಹೊರಗೆ ಬಿಡಬಾರದು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ‘ಆದಷ್ಟು ನ್ಯಾಚುರಲ್ ಇರಲಿ’ ಅಂದ ಗಿರಾಕಿಯ ಮಾತಿಗೆ ಒಪ್ಪಿ, ಒಂದು ಪ್ರಯೋಗದ ಬ್ಯಾಚಿನಲ್ಲಿ ಪ್ರಿಸರ್ವೇಟಿವ್ ಅರ್ಧ ಮಾಡಿದ್ದೆ. ಮೂರನೇ ವಾರ ಗೋದಾಮಿನ ಬಾಗಿಲು ತೆಗೆದರೆ ಡಬ್ಬಿಗಳ ಒಳಗೆ ತುಂಬಿದ ಗಾಳಿಗೆ ಮುಚ್ಚಳಗಳು ಉಬ್ಬಿ ಗುಂಡಗಾಗಿದ್ದವು. ಒಂದಂತೂ ನನ್ನ ಕೈಯಲ್ಲೇ ಟಪ್ ಅಂತ ಹಾರಿತು. ಆ ವಾಸನೆ ನಿಮ್ಮ ಪತ್ರ ಓದುವಾಗ ಮತ್ತೆ ಮೂಗಿಗೆ ಬಡಿಯಿತು.

ಕಾನೂನಿನ ವಿಷಯ ಚಿಕ್ಕದಾಗಿ. ಸೋಪಾಗಲಿ ಪ್ಯಾಕ್ ಆಗಲಿ, ಮಾರಲು ತಯಾರಿಸುವುದಾದರೆ 2020ರ ಕಾಸ್ಮೆಟಿಕ್ಸ್ ನಿಯಮಗಳ ಪ್ರಕಾರ ರಾಜ್ಯದ ಔಷಧ ನಿಯಂತ್ರಣ ಅಧಿಕಾರಿಗಳಿಂದ ಪರವಾನಗಿ ಬೇಕು. ಮನೆಯಲ್ಲಿ ಮಾಡಿದ್ದು, ಸಂಘದ್ದು ಅಂತ ವಿನಾಯಿತಿ ಇಲ್ಲ. ಸ್ವಂತ ಪರವಾನಗಿಗೆ ಪ್ರತ್ಯೇಕ ಜಾಗ, ಓದಿದ ಸಿಬ್ಬಂದಿ ಬೇಕಾಗುತ್ತದೆ. ಐದು ಜನರ ಸಂಘಕ್ಕೆ ಅದು ಹೊರೆಯೇ. ಪರವಾನಗಿ ಇರುವ ಸಣ್ಣ ಘಟಕದಲ್ಲಿ ನಿಮ್ಮ ಮಿಶ್ರಣ ಮಾಡಿಸಿ ನಿಮ್ಮ ಹೆಸರಿನಲ್ಲಿ ಮಾರುವ ದಾರಿಯೂ ಇದೆ. ಲಾಭ ಕಡಿಮೆ, ನಿದ್ದೆ ಚೆನ್ನಾಗಿ ಬರುತ್ತದೆ. ಲೇಬಲ್ ಮೇಲೆ ‘ಮೊಡವೆ ಗುಣವಾಗುತ್ತದೆ’, ‘ಕಜ್ಜಿ ಹೋಗುತ್ತದೆ’ ಅಂತ ಬರೆದರೆ ಅದು ಔಷಧಿಯ ಮಾತಾಗುತ್ತದೆ, ಇನ್ನೊಂದೇ ಕಾನೂನು ಬೀಳುತ್ತದೆ. ‘ಎಣ್ಣೆ ಜಿಡ್ಡು ತೆಗೆಯುತ್ತದೆ’ ಅನ್ನಿ, ಅದು ನಿಜವೂ ಹೌದು.

ಈ ದಸರೆಗೆ ಆಗುತ್ತಾ? ಸುಮ್ನೆ ಆಸೆ ಹುಟ್ಟಿಸುವುದಿಲ್ಲ. ಸೋಪು ಕಟ್ಟಿ ನಾಲ್ಕರಿಂದ ಆರು ವಾರ ಆರಬೇಕು, ಕಾಗದಪತ್ರಕ್ಕೆ ಅದಕ್ಕಿಂತ ಹೆಚ್ಚು ಸಮಯ ಹಿಡಿಯುತ್ತದೆ. ಬರುವ ವರ್ಷದ ವಸ್ತುಪ್ರದರ್ಶನ ಅಂತ ಇಟ್ಟುಕೊಂಡು ಈಗಿನಿಂದಲೇ ಶುರು ಮಾಡಿ.

ಇನ್ನು ಆ ಅರ್ಧ ಮೂಟೆ. ಕುಟ್ಟಿ, ಜರಡಿ ಹಿಡಿದ ಮಣ್ಣು, ಮುಟ್ಟಿದರೆ ಬೆಣ್ಣೆ ಅಂತ ನೀವೇ ಬರೆದಿದ್ದೀರಿ. ಬಕೆಟ್ಟಿನಲ್ಲಿ ನೆನೆಹಾಕಿ, ಅಕ್ಕಿ ಗಾಲಿಸುವ ಹಾಗೆ ಒಂದು ಸಲ ಗಾಲಿಸಿ ಉಳಿದ ಮರಳು ತೆಗೆಯಿರಿ. ಮೇಲಿನ ಕೆಸರುನೀರು ತಂಗಿದ ಮೇಲೆ ನೀರು ಬಸಿದು, ಅಡಿಯಲ್ಲಿ ಉಳಿದದ್ದನ್ನು ಒದ್ದೆ ಗೋಣಿಯಲ್ಲಿ ಸುತ್ತಿ ನೆರಳಲ್ಲಿಡಿ. ದಸರೆಗೆ ಮುಂಚೆ ಗೌರಿ ಹಬ್ಬ ಬರುತ್ತದಲ್ಲ. ಐದು ಮನೆಗೂ ಒಂದೊಂದು ಗಣಪತಿ ಆಗುತ್ತದೆ, ಇಲಿಗೂ ಸ್ವಲ್ಪ ಉಳಿಯುತ್ತದೆ.